ದೂರದ ಸಣ್ಣ ಊರಿಗೆ ಹೂ ಕಳಿಸಬೇಕೇ? ಹೀಗೆ ಮಾಡಿ

ದೊಡ್ಡಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಒಂದು ವೆಬ್‌ಸೈಟಿನಲ್ಲಿ ಗುಲಾಬಿ ಬೊಕೆ ಬುಕ್ ಮಾಡಿದ್ದೆ. ಅವರಿರುವುದು ಸಣ್ಣ ಊರಲ್ಲಿ. ಊರಿನ ಹೆಸರು ಹಾಕಿದ ಕೂಡಲೇ 'ಡೆಲಿವರಿ ಇದೆ' ಅಂತ ಹಸಿರು ಗುರುತು ಬಂತು. ದುಡ್ಡು ಕಟ್ಟಿ ನೆಮ್ಮದಿಯಾಗಿದ್ದೆ. ಹೂ ಹೋಗಿದ್ದು ಮಾರನೇ ದಿನ ಸಂಜೆ. ಅದೂ ಮನೆಗಲ್ಲ, ಬಸ್ ನಿಲ್ದಾಣದವರೆಗೆ ಮಾತ್ರ. "ಇಲ್ಲಿಂದ ಒಳಗೆ ನಾವು ಬರೋದಿಲ್ಲ, ನೀವೇ ಬಂದು ತಗೊಂಡು ಹೋಗಿ" ಅಂತ ದೊಡ್ಡಮ್ಮನಿಗೆ ಫೋನ್ ಬಂತಂತೆ. ಮಂಡಿ ನೋವು ಇಟ್ಟುಕೊಂಡು ಅವರೇ ನಡೆದು ಹೋಗಿ ತಂದರು. "ತುಂಬಾ ಚೆನ್ನಾಗಿದೆ ಕಣೋ" ಅಂದರು ನನ್ನ ಹತ್ತಿರ. ಅಣ್ಣ ಕಳಿಸಿದ ಫೋಟೋ ನೋಡಿದರೆ, ಹನ್ನೆರಡು ಹೂವಿನಲ್ಲಿ ಒಂಬತ್ತು ಕತ್ತು ಬಗ್ಗಿಸಿ ನಿಂತಿದ್ದವು.

ಅವತ್ತು ತುಂಬಾ ಸಂಕಟವಾಯಿತು. ಹೂವಿನವರನ್ನು ಕೇಳಿ, ಓದಿ, ಮತ್ತೆ ಮತ್ತೆ ಕಳಿಸಿ ನೋಡಿದ ಮೇಲೆ ಈಗ ಒಂದು ದಾರಿ ಸಿಕ್ಕಿದೆ. ನಿಮ್ಮವರೂ ಅಂಥ ಊರಲ್ಲಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು: ಹೂ ಕಟ್ಟುವವರು ಯಾರು, ಮುಟ್ಟಿಸುವವರು ಯಾರು?

ದುಡ್ಡು ಕಟ್ಟುವ ಮುಂಚೆ ಈ ಎರಡು ಪ್ರಶ್ನೆ ಕೇಳಿ. ನಾನು ಅವತ್ತು ಎರಡನ್ನೂ ಕೇಳಿರಲಿಲ್ಲ.

ದೂರದ ಊರಿಗೆ ಹೂ ಕಳಿಸುವುದು ಹೊಸದೇನಲ್ಲ. 1908ರಲ್ಲಿ ಬರ್ಲಿನ್‌ನ ಹೂವಿನ ವ್ಯಾಪಾರಿ ಮ್ಯಾಕ್ಸ್ ಹ್ಯೂಬ್ನರ್ ಒಂದು ಉಪಾಯ ಮಾಡಿದರು. ಬೇರೆ ಊರಿಗೆ ಹೂ ಬೇಕು ಅಂತ ಗಿರಾಕಿ ಬಂದರೆ ಹೂವನ್ನು ಕಳಿಸುವ ಬದಲು, ಆ ಊರಿನ ಹೂವಿನ ಅಂಗಡಿಗೆ ಆರ್ಡರ್ ಕಳಿಸುವುದು. 1910ರಲ್ಲಿ ಅಮೆರಿಕದ ಹೂವಿನ ಅಂಗಡಿಯವರೂ ಒಟ್ಟು ಸೇರಿ ಟೆಲಿಗ್ರಾಂ ಮೂಲಕ ಇದನ್ನೇ ಶುರು ಮಾಡಿದರು. ಇವತ್ತು ಎಫ್‌ಟಿಡಿ ಅಂತ ಕರೆಯುವುದು ಅದನ್ನೇ. ಪ್ರಯಾಣ ಮಾಡುವುದು ಬರೀ ಮಾತು, ಹೂ ಅದೇ ಊರಲ್ಲಿ ತಾಜಾ ಆಗಿ ತಯಾರಾಗುತ್ತದೆ. ನೂರು ವರ್ಷ ದಾಟಿದರೂ ಸಣ್ಣ ಊರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ತೊಂದರೆ ಏನೆಂದರೆ, ಎಷ್ಟೋ ವೆಬ್‌ಸೈಟುಗಳಿಗೆ ದೊಡ್ಡ ಊರುಗಳಲ್ಲಿ ಮಾತ್ರ ಅಂಗಡಿಯವರ ಒಪ್ಪಂದ ಇರುತ್ತದೆ. ಸಣ್ಣ ಊರಿನ ಆರ್ಡರ್ ಬಂದರೆ ಹತ್ತಿರದ ಪೇಟೆಯಲ್ಲಿ ಕಟ್ಟಿಸಿ ಕೊರಿಯರ್‌ಗೆ ಹಾಕುತ್ತಾರೆ. ಕೊರಿಯರ್‌ನವರಿಗೆ ಅದು ಹತ್ತು ಪೆಟ್ಟಿಗೆಗಳ ನಡುವೆ ಇನ್ನೊಂದು ಪೆಟ್ಟಿಗೆ, ಅಷ್ಟೇ. ಇನ್ನೊಂದು ವಿಷಯ. ನಡುವೆ ಆರ್ಡರ್ ಹಿಡಿದುಕೊಡುವವರು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದ ದುಡ್ಡಿಗೆ ತಾನೇ ಹೂ ಬರುವುದು? ನೀವು ಸೀದಾ ಅಂಗಡಿಯವರಿಗೇ ಕೊಟ್ಟರೆ ಅದೇ ದುಡ್ಡಿಗೆ ಜಾಸ್ತಿ ಹೂ ಸಿಗುತ್ತದೆ.

ಆ ಊರಲ್ಲಿ ಒಬ್ಬರನ್ನು ಹುಡುಕಿ

ಇದೇ ಎಲ್ಲಕ್ಕಿಂತ ಮುಖ್ಯ. ಒಂದು ಸಲ ಸಿಕ್ಕಿದರೆ ಸಾಕು, ಆಮೇಲೆ ಹತ್ತು ವರ್ಷ ಚಿಂತೆಯಿಲ್ಲ.

ಮೊದಲು ಫೋನಿನ ಮ್ಯಾಪಿನಲ್ಲಿ ಊರನ್ನು ತೆರೆದು ಹೂವಿನ ಅಂಗಡಿ ಅಂತ ಹುಡುಕಿ. ಏನೂ ಸಿಗದಿದ್ದರೆ ಅಲ್ಲಿ ಹೂವೇ ಇಲ್ಲ ಅಂತ ಅಂದುಕೊಳ್ಳಬೇಡಿ. ಸಣ್ಣ ಊರಿನ ಎಷ್ಟೋ ಅಂಗಡಿಗಳು ಮ್ಯಾಪಿನಲ್ಲಿ ಇರುವುದಿಲ್ಲ. ಮದುವೆ ಮಂಟಪಕ್ಕೆ, ಸಮಾರಂಭಕ್ಕೆ ಅಲಂಕಾರ ಮಾಡುವವರು ಯಾರು ಅಂತ ವಿಚಾರಿಸಿ. ಅವರ ಹತ್ತಿರ ಹೂ ಇರುತ್ತದೆ, ಕಟ್ಟುವ ಕೈಯೂ ಇರುತ್ತದೆ. ನರ್ಸರಿಯವರನ್ನು ಕೇಳಿ. ಮನೆ ಹಿಂದೆ ಹೂ ಬೆಳೆದು ಮಾರುವವರು ಇದ್ದೇ ಇರುತ್ತಾರೆ. ಇದನ್ನೆಲ್ಲ ಹೇಳಬಲ್ಲವರು ನಿಮ್ಮವರ ಪಕ್ಕದ ಮನೆಯವರು, ಇಲ್ಲವೇ ಆ ಬೀದಿಯ ಔಷಧಿ ಅಂಗಡಿಯವರು. ದೊಡ್ಡಮ್ಮನ ಊರಲ್ಲಿ ನನಗೆ ಹೂವಿನವರ ನಂಬರ್ ಕೊಟ್ಟಿದ್ದು ಒಬ್ಬ ದರ್ಜಿ.

ಊರಲ್ಲಿ ಯಾರೂ ಇಲ್ಲವೇ? ಹತ್ತಿರದ ಪೇಟೆಯ ಅಂಗಡಿಗೆ ಮಾಡಿ. ಆದರೆ 'ಆ ಊರಿಗೆ ನಿಮ್ಮ ಕಡೆಯವರೇ ಹೋಗುತ್ತಾರಾ?' ಅಂತ ಬಿಡಿಸಿ ಕೇಳಿ. ಕೆಲವರು ವಾರದಲ್ಲಿ ಒಂದೆರಡು ದಿನ ಮಾತ್ರ ಆ ಕಡೆ ಹೋಗುತ್ತಾರೆ. ಆ ದಿನಕ್ಕೆ ಹೊಂದಿಸಿಕೊಳ್ಳುವುದೇ ಜಾಣತನ. ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಒಳ್ಳೆಯ ಹೂ ಬಂದರೆ ಯಾರಿಗೂ ಬೇಜಾರಾಗುವುದಿಲ್ಲ. ಅದೇ ದಿನ ಬಾಡಿದ ಹೂ ಬಂದರೆ ಆಗುತ್ತದೆ.

ಫೋನಿನಲ್ಲಿ ಏನು ಮಾತಾಡಬೇಕು

ಮೆಸೇಜ್ ಹಾಕಿ ಕಾಯುತ್ತಾ ಕೂರಬೇಡಿ, ಫೋನ್ ಮಾಡಿ. ಬೆಳಗಿನ ಗಡಿಬಿಡಿ ಮುಗಿದ ಮೇಲೆ ಮಾಡಿದರೆ ಅವರಿಗೂ ಪುರುಸೊತ್ತಿರುತ್ತದೆ.

ನಾನು ಮೊದಲು ಕೇಳುವುದು, "ನಿಮಗೆ ಹೊಸ ಹೂ ಯಾವ ದಿನ ಬರುತ್ತೆ?" ಅಂತ. ಸಣ್ಣ ಊರಿನ ಅಂಗಡಿಗೆ ದಿನಾ ಎಲ್ಲ ಹೂ ಬರುವುದಿಲ್ಲ. ಹೂ ಬಂದ ದಿನ ಅಥವಾ ಮಾರನೇ ದಿನ ಕಳಿಸಲು ಹೇಳಿ. ಆಮೇಲೆ ಯಾರಿಗೆ, ಯಾತಕ್ಕೆ, ಎಷ್ಟು ದುಡ್ಡಿನೊಳಗೆ ಅಂತ ಮೂರನ್ನೂ ಹೇಳಿಬಿಡಿ. "ನಮ್ಮ ದೊಡ್ಡಮ್ಮನಿಗೆ, ಹುಟ್ಟುಹಬ್ಬ, ಅವರಿಗೆ ಹಳದಿ ಬಣ್ಣ ಅಂದ್ರೆ ಇಷ್ಟ, ನಿಮ್ಮಲ್ಲಿ ಅವತ್ತು ತಾಜಾ ಇರೋದ್ರಲ್ಲಿ ಕಟ್ಟಿಕೊಡಿ" ಅಂದರೆ ಕಟ್ಟುವವರಿಗೆ ಕೈ ಬಿಚ್ಚಿ ಕೆಲಸ ಮಾಡಲು ಆಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಫೋಟೋ ಕಳಿಸಿ 'ಇದೇ ಥರ ಬೇಕು' ಅಂತ ಹಟ ಹಿಡಿಯಬೇಡಿ. ಅದಕ್ಕಾಗಿ ಅವರು ಎಲ್ಲಿಂದಲೋ ತರಿಸಬೇಕಾಗುತ್ತದೆ, ಬರುವಷ್ಟರಲ್ಲಿ ಹೂವಿನ ಅರ್ಧ ಆಯಸ್ಸು ಮುಗಿದಿರುತ್ತದೆ. ಬೇಡದ್ದು ಏನಾದರೂ ಇದ್ದರೆ ಅದನ್ನೂ ಮೊದಲೇ ಹೇಳಿ.

ಕಟ್ಟಿದ ಮೇಲೆ ಒಂದು ಫೋಟೋ ಕಳಿಸಲು ಕೇಳಿಕೊಳ್ಳಿ. ಬಹಳ ಜನ ಖುಷಿಯಿಂದ ಕಳಿಸುತ್ತಾರೆ. ಫೋಟೋದಲ್ಲಿ ಹೂವಿಗಿಂತ ಮೊದಲು ಎಲೆ ನೋಡಿ. ಸೇವಂತಿಗೆಯ ಎಲೆ ಹೂವಿಗಿಂತ ಮುಂಚೆ ಹಳದಿಯಾಗುತ್ತದೆ. ಗುಲಾಬಿಯ ಹೊರಗಿನ ಒಂದೆರಡು ಎಸಳು ಒರಟಾಗಿ, ಹಸಿರು ಮಚ್ಚೆ ಇದ್ದರೆ ಗಾಬರಿ ಬೇಡ. ಒಳಗಿನ ಎಸಳನ್ನು ಕಾಯುವುದಕ್ಕೆ ಅಂತಲೇ ಇರುವ ಎಸಳು ಅವು, ಬೇಕಾದರೆ ಕಿತ್ತರಾಯಿತು. ಗುಲಾಬಿ ಪೂರ್ತಿ ಅರಳಿದ್ದರೆ ಮಾತ್ರ ಬೇರೆ ಹಾಕಲು ಹೇಳಿ. ಆಗಷ್ಟೇ ಸಡಿಲವಾಗುತ್ತಿರುವ ಮೊಗ್ಗು ಬೇಕು. ನಿಮ್ಮವರು ಯಾರಾದರೂ ಅಂಗಡಿಗೇ ಹೋಗುವುದಾದರೆ, ಹೂವಿನ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಲು ಹೇಳಿ. ಗಟ್ಟಿಯಿದ್ದರೆ ತಾಜಾ. ಮೆತ್ತಗಿದ್ದರೆ ಹಳೆಯದು.

ಯಾವ ಹೂ ಆರಿಸಬೇಕು

ಸಣ್ಣ ಊರಿಗೆ ಹೂ ಆರಿಸುವಾಗ ಚೆಂದದಷ್ಟೇ ತಾಳಿಕೆಯೂ ಮುಖ್ಯ. ದಾರಿ ಜಾಸ್ತಿ, ಬಿಸಿಲು ಜಾಸ್ತಿ, ಕಾಯುವುದೂ ಜಾಸ್ತಿ.

ಕಿತ್ತ ಮೇಲೂ ಹೂ ಉಸಿರಾಡುತ್ತಲೇ ಇರುತ್ತದೆ. ತನ್ನಲ್ಲಿರುವ ಸಕ್ಕರೆಯನ್ನು ಸುಡುತ್ತಾ ಬದುಕುತ್ತದೆ. ಬಿಸಿ 10 ಡಿಗ್ರಿ ಏರಿದರೆ ಈ ಸುಡುವಿಕೆ ಎರಡು ಮೂರು ಪಟ್ಟಾಗುತ್ತದೆ. ಮುಚ್ಚಿದ ಗಾಡಿಯಲ್ಲಿ ಒಂದು ಮಧ್ಯಾಹ್ನ ಇದ್ದ ಹೂ ಎರಡು ದಿನ ಹಳೆಯದಾದಂತೆ ಕಾಣುವುದು ಇದಕ್ಕೇ.

ನನ್ನ ಮೊದಲ ಆಯ್ಕೆ ಸೇವಂತಿಗೆ. ಚೆನ್ನಾಗಿ ನೋಡಿಕೊಂಡರೆ ಹೂದಾನಿಯಲ್ಲಿ ಎರಡು ವಾರ ನಿಲ್ಲುತ್ತದೆ. ಕಾರ್ನೇಶನ್ ಕೂಡ ಹಾಗೆಯೇ, ಎರಡು ವಾರ ಆರಾಮಾಗಿ ಬರುತ್ತದೆ. ಆಂಥೂರಿಯಂ ಇನ್ನೂ ಗಟ್ಟಿ, ಎರಡರಿಂದ ಮೂರು ವಾರ. ಡೆಂಡ್ರೋಬಿಯಂ ಆರ್ಕಿಡ್ ಒಂದರಿಂದ ಎರಡು ವಾರ. ಗುಲಾಬಿ ಐದರಿಂದ ಹತ್ತು ದಿನ, ಆದರೆ ದಾರಿಯಲ್ಲಿ ನೀರು ತಪ್ಪಿದರೆ ಒಂದೇ ದಿನಕ್ಕೆ ಮುಗಿಯಿತು. ಜರ್ಬೆರಾ ನೋಡಲು ಚೆಂದ, ಆದರೆ ದೇಟು ಮೆದು, ಬೇಗ ಬಗ್ಗುತ್ತದೆ. ಗ್ಲಾಡಿಯೋಲಸ್ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅರಳುವುದರಿಂದ ಮನೆಯಲ್ಲಿ ವಾರವಿಡೀ ನೋಡುತ್ತಾ ಕೂರಬಹುದು. ಕೆಳಗಿನ ಒಂದೆರಡು ಮೊಗ್ಗು ಮಾತ್ರ ಬಣ್ಣ ತೋರಿಸುತ್ತಿರುವಾಗ ಕಳಿಸಬೇಕು. ಮಲ್ಲಿಗೆಯ ಘಮಕ್ಕೆ ಸಾಟಿಯಿಲ್ಲ, ಆದರೆ ಅದು ಒಂದು ದಿನದ ಹೂ. ಅದೇ ಊರಲ್ಲಿ ಸಿಕ್ಕಿದರೆ ಮಾತ್ರ ಕಳಿಸಿ.

ಸುವಾಸನೆಯ ಹೂಗಳು ಸಾಮಾನ್ಯವಾಗಿ ಕಡಿಮೆ ದಿನ ನಿಲ್ಲುತ್ತವೆ. ಹಾಗಂತ ಅವುಗಳನ್ನು ಬಿಡಬೇಕು ಅಂತಲ್ಲ. ಕಣ್ಣು ಮಂಜಾದ ಅಜ್ಜಿಗೆ ಹತ್ತು ದಿನದ ಕಾರ್ನೇಶನ್‌ಗಿಂತ ಎರಡು ದಿನದ ಸುಗಂಧರಾಜವೇ ಮೇಲು ಅಂತ ನನಗೆ ಅನಿಸುತ್ತದೆ. ಯಾರಿಗೆ ಅಂತ ನೋಡಿಕೊಂಡು ಆರಿಸಿ.

ಮನೆಯಲ್ಲಿ ಬೆಕ್ಕಿದ್ದರೆ ಲಿಲ್ಲಿ ಖಂಡಿತ ಬೇಡ. ಅದರ ಎಲೆ, ಎಸಳು, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿಗೆ ವಿಷ. ಪರಾಗ ಮೈಗೆ ಅಂಟಿ, ಅದನ್ನು ನೆಕ್ಕಿಕೊಂಡರೂ ಸಾಕು ಜೀವಕ್ಕೆ ಅಪಾಯ. ಉಬ್ಬಸ ಇರುವವರ ಮನೆಗೆ ಗಾಢ ವಾಸನೆಯ ಹೂ ಬೇಡ. ಆಸ್ಪತ್ರೆಗೆ ಕಳಿಸುವುದಾದರೆ ಮೊದಲು ವಾರ್ಡಿಗೆ ಫೋನ್ ಮಾಡಿ ಕೇಳಿ. ಐಸಿಯುನಲ್ಲಿ ಸಾಮಾನ್ಯವಾಗಿ ಹೂ ಬಿಡುವುದಿಲ್ಲ. ಡಿಸ್ಚಾರ್ಜ್ ಆದ ದಿನ ಮನೆಗೆ ಕಳಿಸಿದರೆ ಇನ್ನೂ ಒಳ್ಳೆಯದು.

ನೀವೇ ಪ್ಯಾಕ್ ಮಾಡಿ ಕಳಿಸುವುದಾದರೆ

ಊರಲ್ಲಿ ಹೂವೇ ಸಿಗದಿದ್ದರೆ, ಅಥವಾ ಯಾರೋ ಆ ಕಡೆ ಹೊರಟಿದ್ದರೆ, ನೀವೇ ಕಳಿಸಬಹುದು. ಸ್ವಲ್ಪ ಕೆಲಸ ಇದೆ.

ಹಿಂದಿನ ರಾತ್ರಿಯೇ ಹೂ ತಂದು, ದೇಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ತಂಪಾದ ಕೋಣೆಯಲ್ಲಿ ಬಕೆಟ್ ನೀರಿನಲ್ಲಿ ನಿಲ್ಲಿಸಿ. ಹೊಟ್ಟೆ ತುಂಬಾ ನೀರು ಕುಡಿದ ಹೂ ಮಾತ್ರ ದೂರ ತಾಳುತ್ತದೆ. ಬೆಳಿಗ್ಗೆ ನೀರಿಗೆ ತಾಗುವ ಎಲೆಗಳನ್ನೆಲ್ಲ ತೆಗೆದು, ದೇಟುಗಳ ಬುಡಕ್ಕೆ ಒದ್ದೆ ಹತ್ತಿ ಸುತ್ತಿ. ಅದರ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ನೀರು ಬುಡದಲ್ಲಿ ಮಾತ್ರ ಇರಬೇಕು. ಹೂವಿನ ಮೇಲೆ ನೀರು ಚಿಮುಕಿಸಿ ಮುಚ್ಚಿಟ್ಟರೆ ಎಸಳಿಗೆ ಬೂಸ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಇದು ತುಂಬಾ ಜನ ಮಾಡುವ ತಪ್ಪು.

ಆಮೇಲೆ ಒಣ ನ್ಯೂಸ್ ಪೇಪರಿನಲ್ಲಿ ಸಡಿಲವಾಗಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯ ಎರಡೂ ಬದಿಯಲ್ಲಿ ನಾಲ್ಕಾರು ತೂತು ಮಾಡಿ. ದೇಟುಗಳನ್ನು ಪೆಟ್ಟಿಗೆಯ ತಳಕ್ಕೆ ದಾರದಿಂದ ಕಟ್ಟಿ. ಇಲ್ಲದಿದ್ದರೆ ಗಾಡಿ ಬ್ರೇಕ್ ಹಾಕಿದಾಗಲೆಲ್ಲ ಹೂಗಳು ಜಾರಿ ತಲೆ ಜಜ್ಜಿಕೊಳ್ಳುತ್ತವೆ. ಗ್ಲಾಡಿಯೋಲಸ್ ಮಾತ್ರ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಅದರ ತುದಿ ಬೆಳಕಿನ ಕಡೆಗಲ್ಲ, ಆಕಾಶದ ಕಡೆಗೆ ಬಾಗುತ್ತದೆ, ಆ ಡೊಂಕು ಮತ್ತೆ ಸರಿಹೋಗುವುದಿಲ್ಲ.

ಪೆಟ್ಟಿಗೆಯ ಹತ್ತಿರ ಹಣ್ಣು ಇಡಬೇಡಿ. ಮಾಗುತ್ತಿರುವ ಬಾಳೆ, ಸೇಬು ಎಥಿಲೀನ್ ಅನ್ನುವ ಗಾಳಿ ಬಿಡುತ್ತವೆ. ಹಣ್ಣನ್ನು ಮಾಗಿಸುವ ಅದೇ ಗಾಳಿ ಹೂವನ್ನು ಮುದಿಯಾಗಿಸುತ್ತದೆ. ಕಾರ್ನೇಶನ್‌ಗಂತೂ ಅದು ತಾಗಲೇಬಾರದು, ಎಸಳುಗಳು ಒಳಕ್ಕೆ ಮುದುರಿ ನಿದ್ದೆ ಹೋದ ಹಾಗೆ ಕಾಣುತ್ತವೆ. ಒಂದೇ ಚೀಲದಲ್ಲಿ ಹಣ್ಣೂ ಹೂವೂ ಹಾಕಿ ಕಳಿಸುವುದು ಎಷ್ಟು ಸಹಜ ಅಲ್ವಾ? ಬೇರೆ ಬೇರೆ ಚೀಲ ಮಾಡಿ, ದೂರ ಇಡಿ.

ಐಸ್ ಹೂವಿಗೆ ನೇರ ತಾಗಬಾರದು. ಫ್ರಿಜ್ಜಿನಲ್ಲಿ ಇಡುವಾಗಲೂ ಹೂ ನೋಡಿಕೊಂಡು ಇಡಿ. ಗುಲಾಬಿ, ಕಾರ್ನೇಶನ್, ಸೇವಂತಿಗೆಗೆ 1ರಿಂದ 4 ಡಿಗ್ರಿ ತಂಪು ಹಿತ. ಆಂಥೂರಿಯಂ ಮತ್ತು ಬಿಸಿ ನಾಡಿನ ಆರ್ಕಿಡ್‌ಗಳಿಗೆ ಅಷ್ಟು ಚಳಿ ಆಗಿಬರುವುದಿಲ್ಲ, 10 ಡಿಗ್ರಿಗಿಂತ ಕೆಳಗಾದರೆ ಕಪ್ಪಾಗುತ್ತವೆ.

ವಿಳಾಸ ಬರೆಯುವುದೇ ಒಂದು ಕೆಲಸ

ಸಣ್ಣ ಊರಲ್ಲಿ ಮನೆ ನಂಬರ್ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಸರು ಹೇಳಿದರೂ ಅದೇ ಹೆಸರಿನ ಮೂರು ಜನ ಇರಬಹುದು. ಅದಕ್ಕೆ ವಿಳಾಸವನ್ನು ದಾರಿ ಹೇಳಿದ ಹಾಗೆ ಬರೆಯಿರಿ. 'ಶಾಲೆ ದಾಟಿದ ಮೇಲೆ ಎಡಕ್ಕೆ, ನೀರಿನ ಟ್ಯಾಂಕ್ ಎದುರು, ನೀಲಿ ಗೇಟು, ಬಾಗಿಲಲ್ಲಿ ದೊಡ್ಡ ಮಾವಿನ ಮರ.' ಜೊತೆಗೆ ಮನೆಯಲ್ಲಿರುವ ಒಬ್ಬರಿಂದ ವಾಟ್ಸಾಪಿನಲ್ಲಿ ಲೊಕೇಶನ್ ತರಿಸಿ ಕಳಿಸಿ. ಇಬ್ಬರ ಫೋನ್ ನಂಬರ್ ಕೊಡಿ. ಸಿಗ್ನಲ್ ಹೋಗುವ ಊರಲ್ಲಿ ಒಂದೇ ನಂಬರ್ ನಂಬಿಕೊಂಡರೆ ಕಷ್ಟ.

ಅಚ್ಚರಿ ಕೊಡಬೇಕು ಅಂತ ಆಸೆ ಇರುತ್ತದೆ, ಗೊತ್ತು. ಆದರೂ ಆ ಮನೆಯ ಅಥವಾ ಪಕ್ಕದ ಮನೆಯ ಒಬ್ಬರಿಗೆ ಗುಟ್ಟಾಗಿ ಹೇಳಿಡಿ. ಹೂ ತಂದವರು ಬೀಗ ನೋಡಿ ಹೊರಟುಹೋದರೆ ಮತ್ತೆ ಬರುವುದು ಯಾವಾಗಲೋ. ಬೆಳಿಗ್ಗೆ ಬಿಸಿಲೇರುವ ಮೊದಲು ತಲುಪಿಸಲು ಕೇಳಿ. ವಾರದ ಕೊನೆ, ರಜೆಯ ಹಿಂದಿನ ದಿನ ಕೊರಿಯರ್‌ಗೆ ಹಾಕಲೇಬೇಡಿ. ಪೆಟ್ಟಿಗೆ ಗೋದಾಮಿನಲ್ಲಿ ಎರಡು ದಿನ ಕೂತುಬಿಡುತ್ತದೆ.

ಜೊತೆಗೆ ಒಂದು ಚೀಟಿ

ಹೂ ಬಾಡಿದ ಮೇಲೂ ಚೀಟಿ ಉಳಿಯುತ್ತದೆ. ದೊಡ್ಡಮ್ಮ ಅವನ್ನೆಲ್ಲ ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟುಕೊಂಡಿದ್ದಾರೆ. ನಾಲ್ಕು ಸಾಲು ಸಾಕು, ಆದರೆ ನಿಮ್ಮದೇ ಮಾತಿರಲಿ. ಫೋನಿನಲ್ಲಿ ಹೇಳಿ ಬರೆಸಿದರೆ ತಪ್ಪಾಗುತ್ತದೆ. ಒಂದು ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆದು, ಫೋಟೋ ತೆಗೆದು ಅಂಗಡಿಯವರಿಗೆ ಕಳಿಸಿ, ಪ್ರಿಂಟ್ ಹಾಕಿಸಲು ಹೇಳಿ. ವಯಸ್ಸಾದವರಿಗೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕೊನೆಗೆ ನಿಮ್ಮ ಹೆಸರು ಮರೆಯಬೇಡಿ, ಮನೆಯಲ್ಲಿ ಕರೆಯುವ ಹೆಸರೇ ಇರಲಿ.

ಹೂ ತಲುಪಿದ ಮೇಲೆ

ಎಷ್ಟೋ ಜನ ಬೊಕೆಯನ್ನು ಪ್ಲಾಸ್ಟಿಕ್ ಹೊದಿಕೆ ಸಮೇತ ಟಿವಿ ಪಕ್ಕ ಒರಗಿಸಿಡುತ್ತಾರೆ. ಬಿಚ್ಚಿದರೆ ಕಳಿಸಿದವರಿಗೆ ಬೇಜಾರಾಗುತ್ತೇನೋ ಅಂತ. ಅದಕ್ಕೆ ಫೋನ್ ಮಾಡಿ ನೀವೇ ಹೇಳಬೇಕು: ಹೊದಿಕೆ ತೆಗೆಯಿರಿ, ದೇಟಿನ ತುದಿ ಎರಡು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆ ಕಿತ್ತುಹಾಕಿ, ತೊಳೆದ ಪಾತ್ರೆಯಲ್ಲಿ ಇಡಿ. ಹೂದಾನಿಯೇ ಬೇಕಂತಿಲ್ಲ, ತಂಬಿಗೆ, ಗಾಜಿನ ಬಾಟಲಿ ಯಾವುದಾದರೂ ನಡೆಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬದಲಿಸುವಾಗ ತುದಿ ಮತ್ತೆ ಸ್ವಲ್ಪ ಕತ್ತರಿಸಿ. ದೇಟು ಮುಟ್ಟಿದರೆ ಲೋಳೆ ಲೋಳೆಯಾಗಿದ್ದರೆ ಬ್ಯಾಕ್ಟೀರಿಯಾ ಸೇರಿದೆ ಅಂತ ಅರ್ಥ. ಬರೀ ಸಕ್ಕರೆ ಹಾಕಿದರೆ ಅದು ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಗೆ ಊಟವಾಗುತ್ತದೆ. ಅಂಗಡಿಯವರು ಕೊಡುವ ಪುಡಿಯಲ್ಲಿ ಸಕ್ಕರೆಯ ಜೊತೆ ಹುಳಿ ಅಂಶ ಮತ್ತು ಬ್ಯಾಕ್ಟೀರಿಯಾ ತಡೆಯುವ ಔಷಧಿ ಮೂರೂ ಇರುತ್ತವೆ. ಅದು ಇಲ್ಲದಿದ್ದರೆ ಶುದ್ಧ ನೀರೇ ಸಾಕು.

ದೊಡ್ಡಮ್ಮನ ಆ ಒಂಬತ್ತು ಗುಲಾಬಿಗಳು ಸತ್ತಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಒಣಗಿದ ದೇಟಿನೊಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡು, ನೀರು ಮೇಲೆ ಏರದೆ, ಹೂವಿನ ಕತ್ತು ಬೀಳುತ್ತದೆ. ಇನ್ನೊಂದು ಸಲ ಹಾಗೆ ಆದಾಗ ವಿಡಿಯೋ ಕಾಲ್ ಮಾಡಿ ಇಬ್ಬರೂ ಸೇರಿ ಸರಿಮಾಡಿದೆವು. ಅಗಲವಾದ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿಸಿ, ದೇಟಿನ ತುದಿಯನ್ನು ನೀರಿನ ಒಳಗೇ ಇಟ್ಟು ಕತ್ತರಿಸಿದರು. ಕತ್ತರಿ ಹಾಕಿದ ಜಾಗದಿಂದ ಸಣ್ಣ ಗುಳ್ಳೆ ಬಂತು. ಆಮೇಲೆ ಹೂ ಸಮೇತ ಇಡೀ ದೇಟನ್ನು ಅದೇ ನೀರಿನಲ್ಲಿ ಮಲಗಿಸಿದರು. ಒಂದು ಗಂಟೆ ಬಿಟ್ಟು ಎತ್ತಿದಾಗ ಎರಡು ಬಿಟ್ಟು ಉಳಿದವೆಲ್ಲ ತಲೆ ಎತ್ತಿದ್ದವು. "ಅಯ್ಯೋ, ಎದ್ದುಬಿಟ್ವಲ್ಲೋ!" ಅಂತ ದೊಡ್ಡಮ್ಮ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಹೂದಾನಿಯನ್ನು ಕಿಟಕಿಯ ಬಿಸಿಲಲ್ಲಿ, ಫ್ಯಾನಿನ ಕೆಳಗೆ, ಹಣ್ಣಿನ ಬುಟ್ಟಿ ಪಕ್ಕ ಇಡಬಾರದು ಅಂತಲೂ ಹೇಳಿಡಿ.

ಕುಂಡದ ಗಿಡ

ಪದೇ ಪದೇ ಕಳಿಸುವುದು ಕಷ್ಟವಾದರೆ ಊರಿನ ನರ್ಸರಿಯಿಂದ ಹೂ ಬಿಡುವ ಒಂದು ಕುಂಡ ಕೊಡಿಸಿ. ಅಲ್ಲಿನ ಹವೆಗೆ ಒಗ್ಗಿದ ಗಿಡವೇ ಇರಲಿ. ಆದರೆ ನೀರು ಹಾಕಲು ಕೈಲಾಗದವರಿಗೆ ಗಿಡ ಕೊಟ್ಟು ಹೊರೆ ಮಾಡಬೇಡಿ.

ಮುಂದಿನ ಸಲಕ್ಕೆ

ಹೂ ಮುಟ್ಟಿದ ಮೇಲೆ ಅಂಗಡಿಯವರಿಗೆ ಒಂದು ಫೋನ್ ಮಾಡಿ. ಹೇಗಿತ್ತು ಅಂತ ಹೇಳಿ. ದೊಡ್ಡಮ್ಮ ಬೊಕೆ ಹಿಡಿದ ಫೋಟೋ ಇದ್ದರೆ ಕಳಿಸಿ. ಕಟ್ಟಿದವರಿಗೆ ತಮ್ಮ ಹೂ ಯಾರ ಮನೆಯಲ್ಲಿದೆ ಅಂತ ನೋಡುವ ಭಾಗ್ಯ ಸಿಗುವುದೇ ಕಡಿಮೆ. ಬಾಡಿದ್ದರೆ ಅದನ್ನೂ ಸಮಾಧಾನದಿಂದ ಹೇಳಿ, ಎಲ್ಲಿ ತಪ್ಪಿತು ಅಂತ ಅವರಿಗೂ ಗೊತ್ತಾಗಬೇಕಲ್ಲ.

ನಂಬರನ್ನು ಊರಿನ ಹೆಸರಿನ ಜೊತೆ ಸೇವ್ ಮಾಡಿಕೊಳ್ಳಿ. ವರ್ಷದಲ್ಲಿ ಬರುವ ಹುಟ್ಟುಹಬ್ಬ, ಮದುವೆ ದಿನಗಳನ್ನೆಲ್ಲ ಒಂದೇ ಸಲ ಅವರಿಗೆ ಬರೆದು ಕೊಟ್ಟುಬಿಡಿ, ಆದರೂ ವಾರ ಮುಂಚೆ ನೆನಪಿಸಿ. ಫೆಬ್ರವರಿ 14ರ ಆಸುಪಾಸಿನಲ್ಲಿ ಗುಲಾಬಿಗೆ ಎಲ್ಲ ಕಡೆ ನೂಕುನುಗ್ಗಲು, ಸಣ್ಣ ಊರಿಗೆ ಉಳಿದದ್ದು ಮಾತ್ರ ಬರುತ್ತದೆ. ಆ ವಾರ ನಿಮ್ಮವರ ಹುಟ್ಟುಹಬ್ಬ ಇದ್ದರೆ ಸೇವಂತಿಗೆ ಹೇಳಿ.